ಮರವಂತೆಯಿಂದ ಒಂದು ಮನೆ ಹೊರಟಾಗ

ಕುಂದಾಪುರ ಬಿಟ್ಟು ಉತ್ತರಕ್ಕೆ ಹೊರಟ ಬಸ್ಸು ತ್ರಾಸಿ ದಾಟಿತೆಂದರೆ ಒಳಗಿನವರ ಮಾತು ತಾನಾಗಿ ನಿಲ್ಲುತ್ತದೆ. ಎಡಗಡೆ ಅರಬ್ಬೀ ಸಮುದ್ರ, ಬಲಗಡೆ ಸೌಪರ್ಣಿಕಾ ನದಿ, ನಡುವೆ ರಸ್ತೆ. ಹೊಸಬರು ಒಮ್ಮೆ ಈ ಕಿಟಕಿಗೆ, ಒಮ್ಮೆ ಆ ಕಿಟಕಿಗೆ ಕತ್ತು ತಿರುಗಿಸುತ್ತಾರೆ. ಇದೇ ಮರವಂತೆ. ಹಿಂದೆ 17 ಎಂಬ ಸಂಖ್ಯೆ ಹೊತ್ತಿದ್ದ, ಈಗ 66 ಎನಿಸಿಕೊಂಡ ಈ ರಾಷ್ಟ್ರೀಯ ಹೆದ್ದಾರಿ ಚತುಷ್ಪಥವಾದ ಮೇಲೆ ವಾಹನಗಳ ವೇಗ ಹೆಚ್ಚಿದೆ, ನೋಡುವ ಸಮಯ ಕಡಿಮೆಯಾಗಿದೆ. ಆದರೂ ಕಾರು ನಿಲ್ಲಿಸಿ, ಕಡಲಿಗೆ ಬೆನ್ನು ಹಾಕಿ ಫೋಟೋ ತೆಗೆಸಿಕೊಂಡು, ಎಳನೀರು ಕುಡಿದು ಹೋಗುವವರಿಗೆ ಬರವಿಲ್ಲ. ಅವರ ಪಾಲಿಗೆ ಮರವಂತೆ ಹತ್ತು ನಿಮಿಷದ ಊರು.

ಇಲ್ಲಿನ ನದಿಯ ನಡತೆ ಸ್ವಲ್ಪ ವಿಚಿತ್ರ. ಪಶ್ಚಿಮ ಘಟ್ಟದಲ್ಲಿ ಹುಟ್ಟಿ, ಕೊಲ್ಲೂರನ್ನು ಹಾದು ಬರುವ ಸೌಪರ್ಣಿಕೆ ಮರವಂತೆಯಲ್ಲಿ ಸಮುದ್ರದ ಕೂಗಳತೆಗೆ ಬರುತ್ತದೆ. ಬಂದು, ಸೇರದೆ, ಬೆನ್ನು ತಿರುಗಿಸಿ ದಕ್ಷಿಣಕ್ಕೆ ಹೊರಟುಬಿಡುತ್ತದೆ. ಮತ್ತೆ ಸುಮಾರು 10 ಕಿ.ಮೀ. ಹರಿದು, ಗಂಗೊಳ್ಳಿಯ ಬಳಿ ವಾರಾಹಿ, ಚಕ್ರಾ ಮೊದಲಾದ ಹೊಳೆಗಳೊಂದಿಗೆ ಕೂಡಿ ಕಡಲು ಸೇರುತ್ತದೆ. ತರಗತಿಯಲ್ಲಿ ಮಕ್ಕಳು ಪ್ರತಿ ವರ್ಷ ಕೇಳುವ ಪ್ರಶ್ನೆ ಇದು: ಸಾರ್, ನದಿ ಇಲ್ಲೇ ಯಾಕೆ ಸೇರುವುದಿಲ್ಲ? ಅಲೆಗಳು ದಡಕ್ಕೆ ನೇರವಾಗಿ ಬಡಿಯುವುದಿಲ್ಲ, ಓರೆಯಾಗಿ ಬಡಿಯುತ್ತವೆ. ಹಾಗೆ ಬಡಿದಾಗಲೆಲ್ಲ ಮರಳು ದಡದ ಉದ್ದಕ್ಕೂ ಸ್ವಲ್ಪ ಸ್ವಲ್ಪವೇ ಸರಿಯುತ್ತದೆ. ಸಾವಿರಾರು ವರ್ಷ ಹೀಗೆ ಸರಿದ ಮರಳು ಉದ್ದನೆಯ ದಿಬ್ಬವಾಗುತ್ತದೆ. ಘಟ್ಟ ಇಳಿದು ಬಯಲಿಗೆ ಬಂದ ನದಿಗೆ ಇಳಿಜಾರು ಇಲ್ಲ, ಆದ್ದರಿಂದ ದಿಬ್ಬ ಒಡೆಯುವ ಕಸುವೂ ಇಲ್ಲ. ಅದರ ಹಿಂದೆಯೇ ದಾರಿ ಹುಡುಕುತ್ತಾ ಹೋಗುತ್ತದೆ. ಕೋಡಿ ಬೆಂಗ್ರೆ, ಮಲ್ಪೆ, ಮಂಗಳೂರು ಎಲ್ಲ ಕಡೆಯೂ ಇದೇ ಕಥೆ. ಮರವಂತೆಯಲ್ಲಿ ಮಾತ್ರ ಅದು ಬಸ್ಸಿನ ಕಿಟಕಿಯಿಂದಲೇ ಕಾಣುತ್ತದೆ.

ಕಿಟಕಿಯಿಂದ ಕಾಣದ ಮರವಂತೆ ಹೆದ್ದಾರಿಯಿಂದ ಒಳಗಿದೆ. ತೆಂಗಿನ ತೋಟಗಳ ನಡುವೆ ಹೆಂಚಿನ ಮನೆಗಳು, ಬಲೆ ಒಣಗಿಸಿದ ಅಂಗಳಗಳು, ಹೊಳೆಗೆ ಇಳಿಯುವ ಮೆಟ್ಟಿಲುಗಳು. ಹತ್ತು ಮನೆ ನೋಡಿದರೆ ಒಂದಕ್ಕಾದರೂ ಬೀಗ ಇರುತ್ತದೆ. ಅಂಥದೊಂದು ಬೀಗ 2025ರ ಏಪ್ರಿಲಿನಲ್ಲಿ ನನ್ನ ತಂಗಿಯ ಮನೆಗೆ ಬಿತ್ತು. ಅದಕ್ಕೆ ಮೊದಲಿನ ಎರಡು ತಿಂಗಳ ಸಿದ್ಧತೆಯಲ್ಲಿ ನನಗೂ ಪಾಲಿತ್ತು. ಮಕ್ಕಳನ್ನು ಕಟ್ಟಿಕೊಂಡು ದೂರದೂರಿಗೆ ಮನೆ ಸಾಗಿಸುವ ತಂದೆ ತಾಯಂದಿರು ಈಗ ಬಹಳ. ಅವರಿಗೆ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ.

ಊರು ಬಿಡುವುದು ಈ ಕರಾವಳಿಗೆ ಹೊಸತಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ ಬೊಂಬಾಯಿಯಲ್ಲಿ ಹುಟ್ಟಿದ್ದು 1902ರಲ್ಲಿ. ಅಂದರೆ ಅಷ್ಟು ಹಿಂದೆಯೇ ಅಲ್ಲೊಂದು ಮಂಡಳಿ ಬೇಕಾಗುವಷ್ಟು ಜನ ಹೋಗಿದ್ದರು. ಆಮೇಲೆ ಹೋಟೆಲುಗಳ ಕಾಲ ಬಂತು. ಹಗಲು ಮೇಜು ಒರೆಸಿ, ರಾತ್ರಿ ಕನ್ನಡ ರಾತ್ರಿ ಶಾಲೆಯಲ್ಲಿ ಕುಳಿತು ಎಸ್ಸೆಸ್ಸೆಲ್ಸಿ ಪಾಸು ಮಾಡಿದವರು ನಮ್ಮ ಸುತ್ತಿನ ಊರೂರಲ್ಲೂ ಸಿಗುತ್ತಾರೆ. ಆ ಶಾಲೆಗಳಲ್ಲಿ ಹಲವು ಈಗ ಮುಚ್ಚಿವೆ. ಆಗೆಲ್ಲ ಹೋಗುತ್ತಿದ್ದವನು ಗಂಡಸು ಒಬ್ಬನೇ. ಒಂದು ತಗಡಿನ ಟ್ರಂಕು, ಎರಡು ಜೊತೆ ಬಟ್ಟೆ, ತಾಯಿ ಕಟ್ಟಿಕೊಟ್ಟ ಉಪ್ಪಿನಕಾಯಿ. ಹೆಂಡತಿ, ಮಕ್ಕಳು, ದನ, ಗದ್ದೆ, ತುಳಸಿಕಟ್ಟೆ ಎಲ್ಲ ಊರಿನಲ್ಲೇ. ಕೊಂಕಣ ರೈಲು 1998ರಲ್ಲಿ ಪೂರ್ತಿಯಾಗಿ ಓಡತೊಡಗಿದ ಮೇಲೆ ಬಂದು ಹೋಗುವುದು ಸುಲಭವಾಯಿತು; ಮನೆಯಂತೂ ಅಲುಗಲಿಲ್ಲ. ಮನೆಗೆ ಮನೆಯೇ ಲಾರಿ ಹತ್ತುವುದು ಈಚಿನ ಇಪ್ಪತ್ತು ಇಪ್ಪತ್ತೈದು ವರ್ಷಗಳ ಬೆಳವಣಿಗೆ. ಆದ್ದರಿಂದ ಅದಕ್ಕೆ ತಯಾರಾಗುವುದು ಹೇಗೆಂದು ಹೇಳಿಕೊಡುವ ಹಿರಿಯರು ನಮ್ಮಲ್ಲಿ ಕಡಿಮೆ. ಟ್ರಂಕು ತುಂಬಿಸುವುದು ಮಾತ್ರ ಅವರಿಗೆ ಗೊತ್ತು.

ಭಾವ ಪುಣೆಯಲ್ಲಿ ಪಾಲುದಾರಿಕೆಯ ಒಂದು ಸಣ್ಣ ಹೋಟೆಲು ನಡೆಸುತ್ತಾರೆ. ಮೊದಲು ಹೋಟೆಲಿನ ಹುಡುಗರ ಜೊತೆ ಒಂದೇ ಕೋಣೆಯಲ್ಲಿ ಇದ್ದವರು ಕಡೆಗೂ ಮೂರನೆಯ ಮಹಡಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದರು. ಮರವಂತೆಯಲ್ಲಿದ್ದವರು ಮೂವರು: ತಂಗಿ, ಎಂಟನೆಯ ತರಗತಿಯ ಮಗಳು, ಎಂಬತ್ತು ದಾಟಿದ ಅತ್ತೆ. ಅತ್ತೆಯವರು ಮೊದಮೊದಲು ಈ ಮಾತನ್ನೇ ಕಿವಿಗೆ ಹಾಕಿಕೊಳ್ಳಲಿಲ್ಲ. "ಎಲ್ರೂ ಹೋದ್ರೆ ಮನಿ ಯಾರ್ ಕಾಂತ್ರ್?" ಎಂಬುದೊಂದೇ ಉತ್ತರ. ಇನ್ನೊಂದು ದಿನ ಜಗಲಿಯಲ್ಲಿ ಕುಳಿತು ನನ್ನನ್ನು ಕೇಳಿದರು: "ಅಲ್ಲ್ ಕಡ್ಲ್ ಇತ್ತಾ ಮಾಷ್ಟ್ರೆ?" ಪುಣೆಯಿಂದ ಸಮುದ್ರ ನೂರು ಕಿಲೋಮೀಟರಿಗೂ ದೂರ ಎಂದೆ. ಅವರು ಹುಟ್ಟಿದಂದಿನಿಂದ ಕಡಲಿನ ಸದ್ದು ಕೇಳದೆ ಮಲಗಿದ್ದು ಹೆರಿಗೆ ಆಸ್ಪತ್ರೆಯಲ್ಲಿ ಮಾತ್ರವಂತೆ.

ನನ್ನ ತಕರಾರು ಬೇರೆಯೇ ಇತ್ತು. ಹುಡುಗಿ ಕನ್ನಡ ಮಾಧ್ಯಮದಲ್ಲಿ ಎಂಟು ಮುಗಿಸುವುದರಲ್ಲಿದ್ದಳು. ಇನ್ನೆರಡು ವರ್ಷ ಕಾದರೆ ಎಸ್ಸೆಸ್ಸೆಲ್ಸಿ ಆಗುತ್ತದೆ. ಕರ್ನಾಟಕದಲ್ಲಿ ಸಿಇಟಿ ಮೂಲಕ ಸರ್ಕಾರಿ ಸೀಟು ಬೇಕಾದವರಿಗೆ ಇರುವ ಮುಖ್ಯ ಅರ್ಹತೆ ಹೀಗಿದೆ: ಒಂದನೆಯ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಕನಿಷ್ಠ 7 ವರ್ಷ ರಾಜ್ಯದಲ್ಲಿ ಓದಿರಬೇಕು, ಜೊತೆಗೆ ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯುಸಿಯನ್ನು ಇಲ್ಲೇ ಪಾಸು ಮಾಡಿರಬೇಕು. ಎಂಟು ವರ್ಷ ಓದಿದ ನಮ್ಮ ಹುಡುಗಿಗೆ ಮೊದಲನೆಯದು ಆಗಲೇ ಇದೆ. ಹೋದರೆ ಎರಡನೆಯದು ತಪ್ಪುತ್ತದೆ. ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದ ಮೀಸಲಾತಿ ಎರಡಕ್ಕೂ ಒಂದರಿಂದ ಹತ್ತರವರೆಗಿನ ಓದು ಲೆಕ್ಕಕ್ಕೆ ಬರುತ್ತದೆ. ಎಂಟಕ್ಕೆ ಬಿಟ್ಟರೆ ಅವೂ ಇಲ್ಲ. ಇದನ್ನೆಲ್ಲ ಕಾಗದದ ಮೇಲೆ ಬರೆದು ತಂಗಿಯ ಮುಂದೆ ಇಟ್ಟೆ. ಹುಡುಗಿ ಎರಡು ವರ್ಷ ನಮ್ಮ ಮನೆಯಲ್ಲಿದ್ದು ಓದಲಿ ಎಂದೂ ಹೇಳಿದೆ.

ಅವಳು ಕಾಗದ ಓದಿ ಮಡಚಿಟ್ಟಳು. "ಅಣ್ಣಯ್ಯ, ಇವ್ಳಿಗ್ ಹದ್ನಾಕ್ ವರ್ಷ ಆಯ್ತ್. ಅಪ್ಪನ್ ಒಟ್ಟಿಗೆ ಇದ್ದದ್ ಲೆಕ್ಕ ಹಾಕ್ರೆ ಒಂದ್ ವರ್ಷ ಆತಿಲ್ಲೆ. ಸೀಟ್ ಆಮೇಲ್ ಕಾಂಬ" ಎಂದಳು.

ಲೆಕ್ಕದ ಮಾತು ಬಂದರೆ ಮೇಷ್ಟರಿಗೆ ಸುಮ್ಮನಿರಲಾಗದು. ಭಾವ ಬರುತ್ತಿದ್ದುದು ವರ್ಷಕ್ಕೆ ಎರಡು ಸಲ, ಎಲ್ಲ ಸೇರಿ ಮೂರು ವಾರ. ಹದಿನಾಲ್ಕು ವರ್ಷಕ್ಕೆ 294 ದಿನ. ತಂಗಿಯ ಲೆಕ್ಕ ಸರಿಯಾಗಿತ್ತು. ಆ ಮೇಲೆ ಸೀಟಿನ ವಿಷಯ ನಾನು ಎತ್ತಲಿಲ್ಲ.

ಹೋಗುವುದು ಖಚಿತವೆಂದ ಮೇಲೆ ಮಾಡಬೇಕಾದ ಮೊದಲ ಕೆಲಸ ಶಾಲೆಯದು, ಸಾಮಾನು ಕಟ್ಟುವುದು ಆಮೇಲೆ. ವರ್ಗಾವಣೆ ಪತ್ರವನ್ನು ಎಲ್ಲರೂ ತೆಗೆದುಕೊಳ್ಳುತ್ತಾರೆ. ಹೊರ ರಾಜ್ಯಕ್ಕೆ ಹೋಗುವಾಗ ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಕೇಳುವ ವಾಡಿಕೆಯಿದೆ. ಬೇಸಿಗೆ ರಜೆಯಲ್ಲಿ ಕಚೇರಿಗೆ ಅಲೆಯುವ ಬದಲು ಶಾಲೆ ನಡೆಯುತ್ತಿರುವಾಗಲೇ ಮಾಡಿಸಿಕೊಳ್ಳಬೇಕು. ಬಹಳ ಜನ ಬಿಡುವುದು ವ್ಯಾಸಂಗ ಪ್ರಮಾಣಪತ್ರವನ್ನು. ಯಾವ ವರ್ಷ, ಯಾವ ತರಗತಿ, ಯಾವ ಮಾಧ್ಯಮ, ಗ್ರಾಮೀಣ ಶಾಲೆಯೋ ಅಲ್ಲವೋ ಎಂದು ವರ್ಷವಾರು ಬರೆಸಿ, ಮುಖ್ಯೋಪಾಧ್ಯಾಯರ ಸಹಿಯೊಂದಿಗೆ ಮೇಲುಸಹಿಯನ್ನೂ ಹಾಕಿಸಿಕೊಳ್ಳಿ. ಮುಂದೆ ಪಿಯುಸಿಗೆ ಮಗು ಊರಿಗೆ ಮರಳಿ ಬಂದೀತು. ಏಳು ವರ್ಷದ ಲೆಕ್ಕ ಆಗ ಕೆಲಸಕ್ಕೆ ಬರುತ್ತದೆ. ಹತ್ತು ವರ್ಷದ ಮೇಲೆ ಹಳೆಯ ಶಾಲೆಗೆ ಬಂದು ದಾಖಲೆ ಪುಸ್ತಕ ಹುಡುಕಿಸುವವರನ್ನು ನಾನು ಪ್ರತಿ ಜೂನಿನಲ್ಲಿ ನೋಡುತ್ತೇನೆ. ನಿಯಮಗಳು ವರ್ಷ ವರ್ಷ ತಿದ್ದುಪಡಿಯಾಗುತ್ತವೆ, ಆ ವರ್ಷದ ಸಿಇಟಿ ಪುಸ್ತಿಕೆಯೇ ಪ್ರಮಾಣ. ಎಂಟರವರೆಗಿನ ಮಕ್ಕಳ ತಂದೆ ತಾಯಂದಿರಿಗೆ ಒಂದು ಸಮಾಧಾನವಿದೆ: 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ವರ್ಗಾವಣೆ ಪತ್ರ ತಡವಾಯಿತೆಂದು ಸರ್ಕಾರಿ, ಅನುದಾನಿತ ಶಾಲೆಗಳು ಪ್ರವೇಶ ನಿರಾಕರಿಸುವಂತಿಲ್ಲ.

ಭಾಷೆಯ ಸಿದ್ಧತೆ ಕಾಗದಪತ್ರಕ್ಕಿಂತ ದೊಡ್ಡದು. ಮಹಾರಾಷ್ಟ್ರದಲ್ಲಿ 2020ರ ಕಾಯ್ದೆಯ ನಂತರ ಎಲ್ಲ ಶಾಲೆಗಳಲ್ಲೂ ಮರಾಠಿ ಕಡ್ಡಾಯ. ಹಿಂದಿ ಕಲಿತಿದ್ದರಿಂದ ಲಿಪಿ ಹುಡುಗಿಗೆ ಗೊತ್ತಿತ್ತು. ಹಿಂದಿಯಲ್ಲಿ ಕಾಣದ ನಮ್ಮ 'ಳ' ಮರಾಠಿಯಲ್ಲಿ ಇದೆ ಎಂದು ಕಂಡುಹಿಡಿದು ಹಿಗ್ಗಿದಳು. ವಿಜ್ಞಾನ, ಗಣಿತ ಮಾತ್ರ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಪಾಠ ಅರ್ಥ ಮಾಡಿಕೊಂಡ ಮಗು ಇಂಗ್ಲಿಷ್ ತರಗತಿಯಲ್ಲಿ ದಡ್ಡನಂತೆ ಕಾಣುವುದು ಪದ ಗೊತ್ತಿಲ್ಲದೆ, ವಿಷಯ ಗೊತ್ತಿಲ್ಲದೆ ಅಲ್ಲ. ಆದ್ದರಿಂದ ಇನ್ನೂರು ಪುಟದ ಒಂದು ನೋಟ್ ಪುಸ್ತಕ ತಂದು ಎಡಪುಟಕ್ಕೆ ಕನ್ನಡ, ಬಲಪುಟಕ್ಕೆ ಇಂಗ್ಲಿಷ್ ಎಂದು ಬರೆಯಿಸಿದೆ. ವೇಗೋತ್ಕರ್ಷ: ಆಕ್ಸಿಲರೇಶನ್. ಘರ್ಷಣೆ: ಫ್ರಿಕ್ಷನ್. ದ್ಯುತಿಸಂಶ್ಲೇಷಣೆ: ಫೋಟೋಸಿಂಥೆಸಿಸ್, ಮರಾಠಿಯಲ್ಲಿ ಪ್ರಕಾಶಸಂಶ್ಲೇಷಣ, ನಮ್ಮದರ ಅಕ್ಕನ ಮಗಳಂತಿದೆ. ದಿನಕ್ಕೆ ಐದು ಪದ, ಎರಡು ತಿಂಗಳು. ಮನೆ ಬದಲಾಯಿಸುವ ಯಾವ ತಂದೆ ತಾಯಿಯೂ ಈ ಸಣ್ಣ ಖರ್ಚನ್ನು ಉಳಿಸಬಾರದು.

ಕಾಗದಗಳನ್ನು ಹರಡಿಕೊಂಡು ಕುಳಿತಾಗ ಒಂದು ತಮಾಷೆ ಕಂಡಿತು. ಅಜ್ಜನ ಕಾಲದ ಜಾಗದ ಕಾಗದದಲ್ಲಿ ಮನೆಯ ವಿಳಾಸ ಕುಂದಾಪುರ ತಾಲ್ಲೂಕು, ದಕ್ಷಿಣ ಕನ್ನಡ ಜಿಲ್ಲೆ, ಮದರಾಸು ರಾಜ್ಯ. ಏಕೆಂದರೆ ಅದು 1956ಕ್ಕೆ ಮುಂಚಿನದು. ಭಾವನ ಅಂಕಪಟ್ಟಿಯ ಕಾಲಕ್ಕೆ ದಕ್ಷಿಣ ಕನ್ನಡ ಜಿಲ್ಲೆ, ಕರ್ನಾಟಕ. 1997ರಲ್ಲಿ ಉಡುಪಿ ಜಿಲ್ಲೆಯಾದ್ದರಿಂದ ಮಗಳ ಜನನ ಪತ್ರದಲ್ಲಿ ಕುಂದಾಪುರ ತಾಲ್ಲೂಕು, ಉಡುಪಿ ಜಿಲ್ಲೆ. 2018ರಲ್ಲಿ ಬೈಂದೂರು ತಾಲ್ಲೂಕಾಗಿ, ತಿದ್ದಿಸಿದ ಆಧಾರದಲ್ಲಿ ಬೈಂದೂರು ತಾಲ್ಲೂಕು. ಮನೆ ಒಂದಿಂಚೂ ಕದಲಿಲ್ಲ, ವಿಳಾಸವೇ ಮತ್ತೆ ಮತ್ತೆ ಮನೆ ಬದಲಾಯಿಸಿದೆ. ಪುಣೆಯ ಗುಮಾಸ್ತನಿಗೆ ಈ ಇತಿಹಾಸ ಗೊತ್ತಿರಬೇಕಾಗಿಲ್ಲ. ನಾಲ್ಕೂ ಒಂದೇ ಊರು ಎಂದು ತೋರಿಸಲು ಗ್ರಾಮ ಪಂಚಾಯಿತಿಯಿಂದ ವಾಸದ ದೃಢೀಕರಣ ಮಾಡಿಸಿ ಜೊತೆಗಿಟ್ಟೆವು. ಹೆಸರಿನ ಅಕ್ಷರವೂ ಹೀಗೆಯೇ. ಒಂದರಲ್ಲಿ ಇನಿಷಿಯಲ್ ಮೊದಲು, ಇನ್ನೊಂದರಲ್ಲಿ ಕೊನೆಗೆ. ಸರಿಪಡಿಸುವುದಿದ್ದರೆ ಊರು ಬಿಡುವ ಮೊದಲೇ ಸರಿಪಡಿಸಿಕೊಳ್ಳಬೇಕು. ಪಡಿತರ ಚೀಟಿಯ ಚಿಂತೆ ಈಗ ಅಷ್ಟಿಲ್ಲ. ಆಧಾರ್ ಜೋಡಣೆಯಾಗಿದ್ದರೆ ಆದ್ಯತಾ ಕುಟುಂಬದವರು ಬೇರೆ ರಾಜ್ಯದಲ್ಲೂ ಧಾನ್ಯ ಪಡೆಯಬಹುದು. ಗ್ಯಾಸ್ ಸಿಲಿಂಡರನ್ನು ಮಾತ್ರ ಲಾರಿಗೆ ಹಾಕಬೇಡಿ. ಏಪ್ರಿಲ್ ಬಿಸಿಲಿನಲ್ಲಿ ತಾಡಪಾಲಿನ ಕೆಳಗೆ ತುಂಬಿದ ಸಿಲಿಂಡರು ಹೋಗುವುದೆಂದರೆ ವಿಜ್ಞಾನ ಓದಿದವರಿಗೆ ನಿದ್ದೆ ಬರುವುದಿಲ್ಲ. ಏಜೆನ್ಸಿಗೆ ಸಿಲಿಂಡರು, ರೆಗ್ಯುಲೇಟರು ಒಪ್ಪಿಸಿ ಚೀಟಿ ಪಡೆದರೆ ಅದರ ಮೇಲೆ ಹೊಸ ಊರಿನಲ್ಲಿ ಸಂಪರ್ಕ ಸಿಗುತ್ತದೆ.

ಹೊರಡುವ ದಿನವನ್ನು ಪಂಚಾಂಗ ನೋಡಿ ನಿಶ್ಚಯಿಸಿದರು. ನಾನು ನೋಡಿದ್ದು ಮಳೆಯನ್ನು. ನಮ್ಮಲ್ಲಿ ಪರೀಕ್ಷೆ ಏಪ್ರಿಲ್ ಮೊದಲಿಗೆ ಮುಗಿಯುತ್ತದೆ, ಪುಣೆಯಲ್ಲಿ ಶಾಲೆ ತೆರೆಯುವುದು ಜೂನ್ ಮಧ್ಯಕ್ಕೆ. ನಡುವೆ ಎರಡು ತಿಂಗಳು ಇದೆಯಲ್ಲ ಎಂದು ಮೇ ಕೊನೆಗೆ ತಳ್ಳುವುದು ತರವಲ್ಲ. ಲಾರಿಯ ದಾರಿ ಅಂಕೋಲಾವರೆಗೆ ಕರಾವಳಿ, ಅಲ್ಲಿಂದ ಅರಬೈಲು ಘಟ್ಟ ಹತ್ತಿ ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ. 2024ರ ಜುಲೈ 16ರಂದು ಇದೇ ದಾರಿಯ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ (ನಮ್ಮ ಬೈಂದೂರಿನ ಶಿರೂರಲ್ಲ) ಗುಡ್ಡ ಕುಸಿದು ಜೀವಗಳು ಹೋದವು, ಹೆದ್ದಾರಿ ದಿನಗಟ್ಟಲೆ ಮುಚ್ಚಿತು. ನಾವು ಏಪ್ರಿಲ್ ಮೂರನೆಯ ವಾರವೆಂದು ಗೊತ್ತುಮಾಡಿದೆವು. ಆ ವರ್ಷ ಮುಂಗಾರು ವಾಡಿಕೆಯ ಜೂನ್ 1ರ ಬದಲು ಮೇ 24ಕ್ಕೇ ಕೇರಳ ಮುಟ್ಟಿತು. ಎರಡು ದಿನದಲ್ಲಿ ಪುಣೆಯಲ್ಲೂ ಮಳೆಗಾಲ.

ಇನ್ನು ಸಾಮಾನು. ಇಲ್ಲಿ ಕೊಂಚ ನಿಧಾನವಾಗಿ ಹೇಳುತ್ತೇನೆ. ನನ್ನ ವಿಷಯ ಇದು.

ಸಮುದ್ರದ ಪಕ್ಕದ ಮನೆಯ ವಸ್ತುಗಳೆಲ್ಲ ಅಲ್ಲಿನ ಗಾಳಿಗೆ ಒಗ್ಗಿಕೊಂಡಿರುತ್ತವೆ. ಮರವೆಂದರೆ ಕಡಿದು ಒಣಗಿಸಿದ ಮೇಲೆ ಮುಗಿಯಿತೆಂದು ತಿಳಿಯುತ್ತೇವೆ. ಹಾಗಲ್ಲ, ಅದು ಗಾಳಿಯ ತೇವವನ್ನು ಹೀರುತ್ತ, ಬಿಡುತ್ತ ಇರುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ 80ರ ಸುತ್ತ ಇರುವಲ್ಲಿ ಮರದ ಒಣತೂಕದ ನೂರಕ್ಕೆ ಸುಮಾರು 16ರಷ್ಟು ನೀರು ಅದರೊಳಗಿರುತ್ತದೆ. ಆರ್ದ್ರತೆ 40ಕ್ಕೆ ಇಳಿದರೆ ಅದು ಏಳೆಂಟಕ್ಕೆ ಬರುತ್ತದೆ. ಮರವಂತೆಯ ಹಲಸಿನ ಮಂಚ ಪುಣೆಯ ಏಪ್ರಿಲಿಗೆ ಹೋದರೆ ಆಗುವುದು ಇದೇ. ಮರ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಅಡ್ಡಕ್ಕೆ ಕುಗ್ಗುತ್ತದೆ. ಹಲಗೆ ಹಲಗೆಯ ನಡುವೆ ಸಂದು ಬೀಳುತ್ತದೆ, ಕೀಲು ಸಡಿಲವಾಗುತ್ತದೆ, ಮೊಳೆ ಹೊಡೆದು ಬಿಗಿದಲ್ಲಿ ಸೀಳುತ್ತದೆ. ಹಳೆಯ ಆಚಾರಿಗಳು ಮರದ ಗೂಟ ಬಳಸಿ, ಹಲಗೆಯನ್ನು ಚೌಕಟ್ಟಿನ ಗಾಡಿಯೊಳಗೆ ಸಡಿಲವಾಗಿ ಕೂರಿಸುತ್ತಿದ್ದುದು ಇದನ್ನು ಅರಿತೇ. ಆದ್ದರಿಂದ ಮಂಚವನ್ನು ಬಿಚ್ಚಿ ಒಯ್ದರೆ, ಹೋದ ಕೂಡಲೇ ಗಟ್ಟಿಯಾಗಿ ಬಿಗಿಯಬಾರದು. ಒಂದು ಬೇಸಿಗೆ, ಒಂದು ಮಳೆಗಾಲ ಕಳೆಯಲಿ. ನಮ್ಮ ಮಂಚ ಹೋಗಲೇ ಇಲ್ಲ. ಭಾವನಿಗೆ ಫೋನು ಮಾಡಿ ಮೆಟ್ಟಿಲಿನ ತಿರುವನ್ನು ಅಳೆಸಿದಾಗ ಅದರ ತಲೆಹಲಗೆ ತಿರುಗುವುದಿಲ್ಲ ಎಂದು ತಿಳಿಯಿತು. ಲಾರಿ ಗೊತ್ತುಮಾಡುವ ಮೊದಲು ಅಲ್ಲಿನ ಬಾಗಿಲು, ಮೆಟ್ಟಿಲು, ಲಿಫ್ಟುಗಳ ಅಳತೆ ತರಿಸಿಕೊಳ್ಳುವುದು ಹಣ ಉಳಿಸುವ ಕೆಲಸ.

ಮಂಚದ ಬದಲು ಊಟದ ಮಣೆ ಹೋಯಿತು. ಹುಡುಗಿಗೆ ಒಂದು ಕೆಲಸ ಕೊಟ್ಟೆ: ಮಣೆಯನ್ನು ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿ ಬರೆದಿಟ್ಟುಕೋ, ಪುಣೆಯಲ್ಲಿ ಮತ್ತೆ ತೂಗು. ಎರಡು ಕಿಲೋ ಮಣೆ ಪೂರ್ತಿ ಒಣಗಿದರೆ ನೂರು ಗ್ರಾಮಿಗಿಂತ ಹೆಚ್ಚು ಕಡಿಮೆ ತೂಗಬೇಕೆಂದು ಲೆಕ್ಕ. ಮೇ ಮೊದಲ ವಾರ ಫೋನು ಬಂತು. "ಮಾವ, 70 ಗ್ರಾಂ ಕಮ್ಮಿ!" ಮೂರು ವಾರಕ್ಕೆ ಅಷ್ಟಾದರೆ ಸರಿಯೇ. ಮನೆ ಸಾಗಿಸುವ ಮಕ್ಕಳೆಲ್ಲ ಇದನ್ನು ಮಾಡಿ ನೋಡಬಹುದು. ಖರ್ಚಿಲ್ಲ.

ಕಬ್ಬಿಣದ ಕಥೆ ತಿರುವುಮುರುವು. ಅಡುಗೆ ಉಪ್ಪು ಗಾಳಿಯ ಆರ್ದ್ರತೆ 75 ದಾಟಿದರೆ ತೇವ ಎಳೆದುಕೊಂಡು ತಾನೇ ನೀರಾಗುತ್ತದೆ. ಮರವಂತೆಯಲ್ಲಿ ಅಲೆಯ ತುಂತುರಿನೊಂದಿಗೆ ಬಂದ ಉಪ್ಪು ಕಪಾಟು, ಫ್ಯಾನು, ಸೈಕಲ್ಲು ಎಲ್ಲದರ ಮೇಲೂ ಕುಳಿತು, ವರ್ಷದ ಬಹುಪಾಲು ಒದ್ದೆಯಾಗಿಯೇ ಇರುತ್ತದೆ. ತುಕ್ಕಿಗೆ ಅದಕ್ಕಿಂತ ಒಳ್ಳೆಯ ಊಟ ಬೇರೆ ಬೇಕೆ? ಒಣ ಊರಿಗೆ ಹೋದರೆ ತುಕ್ಕು ನಿಧಾನವಾಗುತ್ತದೆ, ಆದರೆ ಉಪ್ಪು ಜೊತೆಗೇ ಹೋದರೆ ಅಲ್ಲಿನ ಮಳೆಗಾಲದಲ್ಲಿ ಮತ್ತೆ ಶುರು. ಹೊರಡುವ ಮೊದಲು ಕಬ್ಬಿಣದ್ದನ್ನೆಲ್ಲ ಸಿಹಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಎರಡು ಸಲ ಒರೆಸಿ, ಬಿಸಿಲಲ್ಲಿ ಒಣಗಿಸಿ, ಎಣ್ಣೆ ಕೈ ಆಡಿಸಬೇಕು. ಫ್ರಿಜ್ಜನ್ನು ಹಿಂದಿನ ದಿನವೇ ಆರಿಸಿ, ಒಳಗೆ ಒರೆಸಿ ಒಣಗಿಸಿ, ಲಾರಿಯಲ್ಲಿ ನಿಲ್ಲಿಸಿಯೇ ಒಯ್ಯಬೇಕು. ಮಲಗಿಸಿದರೆ ಕಂಪ್ರೆಸರಿನ ಎಣ್ಣೆ ಕೊಳವೆಗಳಿಗೆ ಹರಿಯುತ್ತದೆ. ಮಲಗಿಸುವುದು ಅನಿವಾರ್ಯವಾದರೆ, ಇಳಿಸಿದ ಮೇಲೆ ಹಲವು ಗಂಟೆ ನೆಟ್ಟಗೆ ನಿಲ್ಲಿಸಿಟ್ಟು ಅನಂತರ ಸ್ವಿಚ್ಚು ಹಾಕಿ.

ತೆಂಗಿನೆಣ್ಣೆಯ ಡಬ್ಬಿಯನ್ನು ಕಂಠಮಟ್ಟ ತುಂಬಿಸಬಾರದು. ಹತ್ತು ಲೀಟರ್ ಎಣ್ಣೆ 20 ಡಿಗ್ರಿ ಬಿಸಿಯಾದರೆ ನೂರು ಮಿಲಿಲೀಟರಿಗೂ ಹೆಚ್ಚು ಹಿಗ್ಗುತ್ತದೆ, ತಾಡಪಾಲಿನ ಕೆಳಗೆ ಆ ಬಿಸಿ ಸುಲಭವಾಗಿ ಬರುತ್ತದೆ. ಉಪ್ಪಿನಕಾಯಿ ಭರಣಿಗೂ ಇದೇ ಮಾತು. ಬಾಯಿಗೆ ಬಟ್ಟೆ ಕಟ್ಟಿ, ಅದನ್ನು ಅಕ್ಕಿಯ ಚೀಲದ ನಡುವೆ ಹೂತಿಟ್ಟರೆ ಲಾರಿಯ ಕುಲುಕಾಟ ತಟ್ಟುವುದಿಲ್ಲ. ಇದು ಅತ್ತೆಯವರ ಉಪಾಯ, ಯಾವ ಪ್ಯಾಕಿಂಗ್ ಕಂಪೆನಿಯ ಗುಳ್ಳೆ ಕಾಗದವೂ ಇದಕ್ಕೆ ಸಮವಲ್ಲ. ಒಣಮೀನಿನ ಕಟ್ಟನ್ನು ಮೂರು ಪದರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದರೂ ಲಾರಿಯ ಚಾಲಕ ಮೂಗು ಮುಚ್ಚಿಕೊಂಡ.

ಕುಚ್ಚಲಕ್ಕಿ ಎರಡು ಚೀಲ ಹೋಯಿತು. ಪುಣೆ ಸಮುದ್ರ ಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ. ಪ್ರತಿ 300 ಮೀಟರಿಗೆ ನೀರಿನ ಕುದಿಬಿಂದು ಹೆಚ್ಚು ಕಡಿಮೆ ಒಂದು ಡಿಗ್ರಿ ಇಳಿಯುವುದರಿಂದ ಅಲ್ಲಿ ನೀರು 98 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಗಂಜಿ ಬೇಯಲು ಹೊತ್ತು ಹಿಡಿಯುತ್ತದೆ ಎಂದು ಅತ್ತೆಗೆ ಮೊದಲೇ ಹೇಳಿದ್ದೆ. ಕುಕ್ಕರಿನ ಗಂಜಿಗೆ ರುಚಿಯಿಲ್ಲ ಎಂದು ಅವರು ತೆರೆದ ಪಾತ್ರೆಯಲ್ಲೇ ಬೇಯಿಸುತ್ತಾರಂತೆ. ಗ್ಯಾಸು ಬೇಗ ಮುಗಿಯುತ್ತದೆ ಎಂಬುದು ಭಾವನ ದೂರು. ಚಳಿಗಾಲದಲ್ಲಿ ತೆಂಗಿನೆಣ್ಣೆ ಗಟ್ಟಿಯಾಗಿ ಬೆಣ್ಣೆಯಂತಾದರೆ ಕೆಟ್ಟಿತೆಂದು ಚೆಲ್ಲಬೇಡಿ ಎಂದೂ ಹೇಳಿದ್ದೆ. ಅದು ಗಟ್ಟಿಯಾಗುವುದು 24 ಡಿಗ್ರಿಯ ಸುಮಾರಿಗೆ.

ಲಾರಿಯವರ ಜೊತೆ ವ್ಯವಹಾರದಲ್ಲಿ ಎರಡು ವಿಷಯ. ಸಾಮಾನಿನ ಪಟ್ಟಿಯನ್ನು ನಾವೇ ಬರೆದು, ಪ್ರತಿ ಪೆಟ್ಟಿಗೆಗೆ ಸಂಖ್ಯೆ ಹಾಕಿ, ಇಬ್ಬರೂ ಸಹಿ ಮಾಡಬೇಕು. ಪೂರ್ತಿ ಹಣ ಮೊದಲೇ ಕೊಡಬಾರದು. ಬಳಸಿದ ಗೃಹೋಪಯೋಗಿ ವಸ್ತುಗಳಿಗೆ ಜಿಎಸ್‌ಟಿಯ ಇ-ವೇ ಬಿಲ್ಲು ಬೇಕಿಲ್ಲ, ಅದರ ಹೆಸರಿನಲ್ಲಿ ಯಾರಾದರೂ ಹಣ ಕೇಳಿದರೆ ಹೀಗೆಂದು ಹೇಳಬಹುದು. ಪ್ರಮಾಣಪತ್ರಗಳೂ ಒಡವೆಯೂ ಲಾರಿಗಲ್ಲ, ಕೈಚೀಲಕ್ಕೆ. ಮತ್ತೊಂದು ತೊಡಕು ಮರವಂತೆಯದೇ: ಲಾರಿ ಅಂಗಳಕ್ಕೆ ಬರುವುದಿಲ್ಲ, ಹೆದ್ದಾರಿಯ ಬದಿಯಲ್ಲಿ ನಿಲ್ಲಿಸಿಕೊಂಡು ತುಂಬುವುದು ಅಪಾಯ. ಸಣ್ಣ ಟೆಂಪೋದಲ್ಲಿ ನಾಲ್ಕು ಸಲ ಸಾಗಿಸಿ, ಅಗಲ ಜಾಗವಿದ್ದಲ್ಲಿ ಲಾರಿಗೆ ಏರಿಸಿದೆವು. ಕಡೆಯುವ ಕಲ್ಲು ಉಳಿಯಿತು. ಮಾವನವರ ಬಲೆ, ಹಂಡೆ, ಬಾವಿಯ ರಾಟೆ ಉಳಿದವು.

ಮನೆ ಮುಚ್ಚುವುದು ಮನೆ ಸಾಗಿಸುವಷ್ಟೇ ದೊಡ್ಡ ಕೆಲಸ. ಗಾಳಿಯಾಡದಂತೆ ಎಲ್ಲ ಬಿಗಿದು ಹೋದರೆ ಒಂದೇ ಮಳೆಗಾಲದಲ್ಲಿ ಗೋಡೆಗೆ ಬೂಷ್ಟು, ಮಾಡಿನ ಪಕ್ಕಾಸಿಗೆ ಗೆದ್ದಲು. ಎದುರುಬದುರಾಗಿ ಎರಡು ಕಿಟಕಿಗಳಿಗೆ ಬಲೆ ಹೊಡೆದು ತೆರೆದಿಟ್ಟೆವು. ಒಡೆದ ಹೆಂಚು ಬದಲಾಯಿಸಿ, ಮಾಡಿಗೆ ಬಾಗಿದ ತೆಂಗಿನ ಮಡಲು ಕಡಿಸಿ, ಗಾಳಿಮಳೆ ಬಡಿಯುವ ಪಶ್ಚಿಮದ ಗೋಡೆಗೆ ಮಡಲಿನ ತಟ್ಟಿ ಕಟ್ಟಿಸಿದೆವು. ಪಂಪಿನ ನೀರು ಖಾಲಿ ಮಾಡಿ, ಮೇನ್ ಸ್ವಿಚ್ಚು ಆರಿಸಿದ್ದಾಯಿತು. ಬೀಗದ ಕೈ ನೆರೆಮನೆಯ ಅಕ್ಕನ ಬಳಿ. ವಾರಕ್ಕೊಮ್ಮೆ ಬಾಗಿಲು ತೆರೆದು ದೀಪ ಹಚ್ಚುವುದಾಗಿ ಅವರು ಒಪ್ಪಿಕೊಂಡ ಮೇಲೆಯೇ ಅತ್ತೆ ಸೀರೆ ಮಡಚತೊಡಗಿದ್ದು. ಅವರದು ಇನ್ನೊಂದು ಷರತ್ತೂ ಇತ್ತು: ಕರ್ಕಾಟಕ ಅಮಾವಾಸ್ಯೆಗೆ ಊರಿಗೆ ಕರೆತರಬೇಕು. ಮರವಂತೆಯ ವರಾಹ ದೇವಸ್ಥಾನದಲ್ಲಿ ಅಂದು ಜಾತ್ರೆ. ಕಡಲು, ಹೊಳೆ ಎರಡರಲ್ಲೂ ಮೀಯುವ ದಿನ. 2024ರ ನವೆಂಬರಿನಿಂದ ರೈಲಿನ ಮುಂಗಡ ಟಿಕೆಟು 60 ದಿನ ಮೊದಲಷ್ಟೇ ಸಿಗುವುದರಿಂದ, ಮೇ ಕೊನೆಯ ವಾರದಲ್ಲಿ ಹುಡುಗಿ ಬೆಳಿಗ್ಗೆ ಎಂಟಕ್ಕೆ ಫೋನು ಹಿಡಿದು ಕುಳಿತು ಟಿಕೆಟು ಮಾಡಿದಳು. ಪನವೇಲಿನಿಂದ ಬೈಂದೂರಿಗೆ, ಮತ್ಸ್ಯಗಂಧ.

ಜುಲೈ 24ರ ಅಮಾವಾಸ್ಯೆಗೆ ಮೂವರೂ ಬಂದರು. ಮಳೆ ಬಿಡುವು ಕೊಟ್ಟ ಒಂದು ಗಳಿಗೆಯಲ್ಲಿ ಅತ್ತೆಯವರನ್ನು ಕಡಲ ಅಂಚಿಗೆ ಕರೆದೊಯ್ದು ನಾಲ್ಕು ಚೊಂಬು ನೀರು ಹಾಕಿಸಿ, ಹೆದ್ದಾರಿ ದಾಟಿಸಿ ಹೊಳೆಯಲ್ಲಿ ಕಾಲು ಅದ್ದಿಸಿದೆವು. ಮನೆಯಲ್ಲಿ ಒಂದು ಕಿಟಕಿಯ ಬಾಗಿಲು ಊದಿಕೊಂಡು ಕೂತಿತ್ತು, ಅಡುಗೆಮನೆಯಲ್ಲಿ ಎರಡು ಹೆಂಚು ಸರಿದಿತ್ತು. ಮತ್ತೇನೂ ಆಗಿರಲಿಲ್ಲ. ಆ ರಾತ್ರಿ ಅತ್ತೆ ಎಂಟಕ್ಕೇ ಮಲಗಿ ಬೆಳಿಗ್ಗೆ ಏಳರವರೆಗೆ ನಿದ್ದೆ ಮಾಡಿದರು. ಪುಣೆಯಲ್ಲಿ ಮೂರಕ್ಕೆಲ್ಲ ಎದ್ದು ಕೂರುತ್ತಾರೆ ಎಂದು ತಂಗಿ ಹೇಳಿದಳು.

ಹುಡುಗಿ ನೋಟ್ ಪುಸ್ತಕ ತಂದಿದ್ದಳು. ನಾನು ಬರೆಯಿಸಿದ್ದು ಮುಕ್ಕಾಲು ಪುಸ್ತಕ. ಉಳಿದ ಕಾಲು ಭಾಗವನ್ನು ಮೂರು ಕಂಬಸಾಲು ಮಾಡಿ ಕನ್ನಡ, ಇಂಗ್ಲಿಷ್, ಮರಾಠಿ ಎಂದು ಅವಳೇ ತುಂಬಿಸಿದ್ದಾಳೆ. ಮೊದಲ ಘಟಕ ಪರೀಕ್ಷೆಯಲ್ಲಿ ವಿಜ್ಞಾನ ಪರವಾಗಿಲ್ಲವಂತೆ, ಮರಾಠಿ ಕಷ್ಟವಂತೆ. ಅಪ್ಪ ರಾತ್ರಿ ಹೋಟೆಲು ಮುಚ್ಚಿ ಹನ್ನೊಂದಕ್ಕೆ ಬಂದವರು ಮರಾಠಿ ಪಾಠ ಓದಿಸುತ್ತಾರಂತೆ. ಅವರಿಗೆ ಮಾತು ಬರುತ್ತದೆ, ವ್ಯಾಕರಣ ಬರುವುದಿಲ್ಲ. ಮಣೆಯನ್ನು ಹೊರಡುವ ಹಿಂದಿನ ದಿನ ತೂಗಿದ್ದಳು. ಕಳೆದುಕೊಂಡ 70 ಗ್ರಾಮಿನಲ್ಲಿ 50ನ್ನು ಪುಣೆಯ ಮಳೆಗಾಲ ಹಿಂದಕ್ಕೆ ಕೊಟ್ಟಿದೆ. ಹೋಗುವಾಗ ಸಮಾಜ ಪಾಠದ ಪದಗಳನ್ನೂ ಬರೆದುಕೊಡಿ ಮಾವ ಎಂದಳು. ಅದು ನನ್ನ ವಿಷಯವಲ್ಲ, ನಮ್ಮ ಶಾಲೆಯ ಸಮಾಜ ಮಾಷ್ಟ್ರನ್ನು ಹಿಡಿಯಬೇಕು.